ಕನ್ನಡಕಕ್ಕೆ ಸಿಗದ ಮಸುಕು

ಕಣ್ಣಿನ ತಪಾಸಣೆ ನಡೆಯುವ ಯಾವ ಕೊಠಡಿಗೆ ಹೋದರೂ ಮೇಜಿನ ಮೇಲೆ ಹಿಡಿಕೆಯಿರುವ ಒಂದು ಕಪ್ಪು ಪ್ಲಾಸ್ಟಿಕ್ ಬಿಲ್ಲೆ ಇರುತ್ತದೆ. ಅದರ ನಡುವೆ ಸೂಜಿ ಚುಚ್ಚಿದಷ್ಟು ಸಣ್ಣ ತೂತುಗಳು. ಪಿನ್‌ಹೋಲ್ ಅನ್ನುತ್ತಾರೆ. ಗೋಡೆಯ ಮೇಲಿನ ಅಕ್ಷರದ ಫಲಕವನ್ನು 6 ಮೀಟರ್ ದೂರದಿಂದ ಓದಲು ತಡವರಿಸುವವರ ಕೈಗೆ ಇದನ್ನು ಕೊಟ್ಟು, ತೂತಿನೊಳಗಿಂದ ನೋಡಿ ಅನ್ನುತ್ತಾರೆ. ತೂತು ಬೆಳಕಿನ ಸಣ್ಣದೊಂದು ಎಳೆಯನ್ನು ಮಾತ್ರ ಒಳಗೆ ಬಿಡುತ್ತದೆ. ಆ ಎಳೆಯನ್ನು ಬಗ್ಗಿಸುವ ಕೆಲಸ ಕಣ್ಣಿಗೆ ಹೆಚ್ಚು ಬೀಳುವುದಿಲ್ಲ. ಹಾಗಾಗಿ ತೂತಿನಿಂದ ನೋಡಿದಾಗ ಕೆಳಗಿನ ಸಾಲುಗಳು ಓದಲು ಬಂದರೆ ತೊಂದರೆ ಕನ್ನಡಕದ ನಂಬರಿನದು. ತೂತಿನಿಂದಲೂ ಅಷ್ಟೇ ಮಸುಕು, ಅಥವಾ ಮೊದಲಿಗಿಂತ ಕಡಿಮೆ ಕಾಣುತ್ತದೆ ಎಂದರೆ ಕನ್ನಡಕದ ಮಾತು ಅಲ್ಲಿಗೆ ನಿಲ್ಲಬೇಕು. ಮಸೂರವೋ, ಹಿಂದಿನ ಪರದೆಯೋ, ನರವೋ, ಮಿದುಳೋ ಎಂದು ಹುಡುಕಾಟ ಶುರುವಾಗಬೇಕು.

ಆ ಹುಡುಕಾಟ ಒಂದು ದೊಡ್ಡ ಕಸುಬು. ಇಡೀ ವೈದ್ಯಕೀಯದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಕಸುಬು ಕೂಡ. ದೇಹದ ಬೇರೆಲ್ಲೋ, ಎದೆಯಲ್ಲೋ ಶ್ವಾಸಕೋಶದಲ್ಲೋ ಮೂಳೆಮಜ್ಜೆಯಲ್ಲೋ, ಸದ್ದಿಲ್ಲದೆ ಬೆಳೆಯುತ್ತಿರುವ ಕ್ಯಾನ್ಸರ್ ಕೆಲವೊಮ್ಮೆ ತನ್ನ ಮೊದಲ ಗುರುತನ್ನು ಕಣ್ಣಿನಲ್ಲಿ ತೋರಿಸುತ್ತದೆ. ಅಲ್ಲಿ ಅದನ್ನು ಹಿಡಿಯುವುದು ಒಂದು ದೀಪ, ಒಂದು ಮಸೂರ ಹಿಡಿದು ಕತ್ತಲ ಕೋಣೆಯಲ್ಲಿ ನಿಂತ ಒಬ್ಬ ಮನುಷ್ಯ.

ಬೆಂಗಳೂರಿನ ಬಿನ್ನಿಪೇಟೆಯವರಿಗೆ ಈ ಕೋಣೆ ದೂರವಿಲ್ಲ. ಕಾಟನ್‌ಪೇಟೆ ಹಾದು ಚಾಮರಾಜಪೇಟೆಯ ಕಡೆ ಬಂದರೆ ಕೆ.ಆರ್. ಮಾರುಕಟ್ಟೆಯ ಹತ್ತಿರ, ವಿಕ್ಟೋರಿಯಾ ಮತ್ತು ವಾಣಿವಿಲಾಸ ಆಸ್ಪತ್ರೆಗಳ ನೆರೆಯಲ್ಲೇ ಮಿಂಟೊ ಕಣ್ಣಾಸ್ಪತ್ರೆ. 1896ರಲ್ಲಿ ಶುರುವಾಗಿ 1913ರಲ್ಲಿ ಈಗಿನ ಕಟ್ಟಡಕ್ಕೆ ಬಂದ ಈ ಸರ್ಕಾರಿ ಆಸ್ಪತ್ರೆ ಈಗ ಬೆಂಗಳೂರು ವೈದ್ಯಕೀಯ ಕಾಲೇಜಿನ ಭಾಗ. ಇನ್ನೊಂದು ದಿಕ್ಕಿಗೆ, ರಾಜಾಜಿನಗರದಲ್ಲಿ, ಡಾ. ಕೆ. ಭುಜಂಗ ಶೆಟ್ಟರು 1982ರಲ್ಲಿ ಆರಂಭಿಸಿದ ನಾರಾಯಣ ನೇತ್ರಾಲಯ ಇದೆ. ಹೊಸೂರು ರಸ್ತೆಯ ಕಡೆ ಹೋದರೆ 1973ರಲ್ಲಿ ಸ್ಥಾಪನೆಯಾದ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿ ಗಂಥಿ ಸಂಸ್ಥೆ, ಅದರ ಪಕ್ಕದಲ್ಲೇ ಅನ್ನುವಷ್ಟು ಹತ್ತಿರ ಮಿದುಳು, ನರಗಳ ಆಸ್ಪತ್ರೆ ನಿಮ್ಹಾನ್ಸ್. ಕಣ್ಣಿನಲ್ಲಿ ಸಿಕ್ಕ ಸುಳಿವನ್ನು ಹಿಡಿದು ಹೋಗಬೇಕಾದ ಜಾಗಗಳೆಲ್ಲ ಒಂದೇ ಊರಿನಲ್ಲಿವೆ. ಎಷ್ಟೋ ಊರುಗಳಿಗೆ ಈ ಭಾಗ್ಯವಿಲ್ಲ.

ಆದರೆ ಆ ಸುಳಿವು ಕೈತಪ್ಪುವುದು ಬಹಳ ಸುಲಭ. ಬಿನ್ನಿಪೇಟೆಯಂಥ ಬಡಾವಣೆಯಲ್ಲಿ ನಡುವಯಸ್ಸು ದಾಟಿದವರಿಗೆ ಕಣ್ಣು ಮಸುಕಾದರೆ ಕಾರಣ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ವಯಸ್ಸಾಯಿತು, ಪೊರೆ ಬಂದಿದೆ, ಇಲ್ಲವೇ ಸಕ್ಕರೆ ಕಾಯಿಲೆ. ನೂರಕ್ಕೆ ಬಹುಪಾಲು ಸಲ ಅದು ನಿಜವೇ. ಬೀಳಗಿಯ ಡಾ. ಎಂ.ಸಿ. ಮೋದಿಯವರು ಊರೂರಿಗೆ ಕಣ್ಣಿನ ಶಿಬಿರ ಒಯ್ದು ಲಕ್ಷಾಂತರ ಜನರ ಪೊರೆ ತೆಗೆದ ನಾಡು ಇದು. ಕಣ್ಣು ಮಸುಕಾದರೆ ಪೊರೆ, ಪೊರೆ ತೆಗೆದರೆ ಬೆಳಕು ಎನ್ನುವ ನಂಬಿಕೆ ನಮ್ಮಲ್ಲಿ ಬೇರೂರಿರುವುದು ಆ ಪುಣ್ಯದ ಕೆಲಸದಿಂದಲೇ. ಆ ನಂಬಿಕೆಯ ಬೆನ್ನಿಗೇ, ಪೊರೆಯಲ್ಲದ ಮಸುಕು ಕೂಡ ಪೊರೆಯ ಲೆಕ್ಕಕ್ಕೆ ಸೇರಿ ತಿಂಗಳುಗಟ್ಟಲೆ ಕಾದುಬಿಡುವ ಅಪಾಯವೂ ಇದೆ.

ಇದಕ್ಕೆ ಕಸುಬುದಾರರ ಬಳಿ ಒಂದು ಟಾರ್ಚಿನ ಉತ್ತರವಿದೆ. ಕೋಣೆಯ ದೀಪ ತಗ್ಗಿಸಿ, ರೋಗಿಗೆ ದೂರದ ಗೋಡೆ ನೋಡಲು ಹೇಳಿ, ಒಂದು ಕಣ್ಣಿಗೆ ಎರಡು ಮೂರು ಸೆಕೆಂಡು ಬೆಳಕು ಹಿಡಿಯುತ್ತಾರೆ. ಥಟ್ಟನೆ ಇನ್ನೊಂದು ಕಣ್ಣಿಗೆ, ಮತ್ತೆ ಹಿಂದಕ್ಕೆ. ಬೆಳಕು ಬಿದ್ದಾಗ ಪಾಪೆ ಕಿರಿದಾಗಬೇಕು. ಒಂದು ಕಣ್ಣಿಗೆ ಬೆಳಕು ಬಿದ್ದರೂ ಎರಡೂ ಕಿರಿದಾಗುತ್ತವೆ, ಅದು ನರದ ಏರ್ಪಾಡು. ಈಗ ಬೆಳಕನ್ನು ಒಳ್ಳೆಯ ಕಣ್ಣಿನಿಂದ ತೊಂದರೆಯ ಕಣ್ಣಿಗೆ ತಂದಾಗ ಪಾಪೆ ಕಿರಿದಾಗುವ ಬದಲು ಮೆಲ್ಲಗೆ ಹಿಗ್ಗಿದರೆ, ಆ ಕಣ್ಣಿನಿಂದ ಮಿದುಳಿಗೆ ಹೋಗುವ ಸುದ್ದಿ ದುರ್ಬಲವಾಗಿದೆ ಎಂದರ್ಥ. ಪರದೆಯ ದೊಡ್ಡ ಭಾಗವೋ ದೃಷ್ಟಿನರವೋ ಕೆಟ್ಟಿದೆ. ಪೊರೆ ಎಷ್ಟೇ ದಪ್ಪವಾಗಿದ್ದರೂ ಪಾಪೆಯನ್ನು ಹೀಗೆ ಹಿಗ್ಗಿಸುವುದಿಲ್ಲ. ಆದ್ದರಿಂದ ಕಣ್ಣಲ್ಲಿ ಪೊರೆ ಎದುರಿಗೇ ಕಾಣುತ್ತಿದ್ದರೂ, ಪಾಪೆ ತಿರುಗುಮುರುಗಾಗಿ ವರ್ತಿಸಿದರೆ, ಪೊರೆಯ ಹಿಂದೆ ಇನ್ನೇನೋ ಇದೆ. ಮೊದಲು ಪೊರೆ ತೆಗೆದುಬಿಡೋಣ, ಆಮೇಲೆ ನೋಡೋಣ ಎನ್ನುವ ಆತುರವನ್ನು ತಡೆಯುವ ಪರೀಕ್ಷೆ ಇದು. ಇದಕ್ಕೆ ಬೇಕಾಗುವುದು ಒಂದು ಒಳ್ಳೆಯ ಟಾರ್ಚು, ಅರ್ಧ ನಿಮಿಷ, ಮತ್ತು ಕೈಯ ಲಯ. ಬೆಳಕನ್ನು ಬೇಗ ಆಡಿಸಿದರೂ ತಪ್ಪುತ್ತದೆ, ತಡಮಾಡಿದರೂ ತಪ್ಪುತ್ತದೆ. ಪಾಪೆಯನ್ನು ಅಗಲಿಸುವ ಡ್ರಾಪ್ಸ್ ಹಾಕುವುದಕ್ಕೆ ಮುಂಚೆಯೇ ಇದನ್ನು ಮಾಡಿ ಮುಗಿಸಬೇಕು, ಏಕೆಂದರೆ ಡ್ರಾಪ್ಸ್ ಬಿದ್ದ ಮೇಲೆ ಪಾಪೆ ಏನನ್ನೂ ಹೇಳುವುದಿಲ್ಲ.

ಇನ್ನೊಂದು ಪರೀಕ್ಷೆಗೆ ಟಾರ್ಚು ಕೂಡ ಬೇಡ. ವೈದ್ಯರು ರೋಗಿಯ ಎದುರಿಗೆ, ಒಂದು ಮೀಟರಿನಷ್ಟು ದೂರದಲ್ಲಿ, ಕಣ್ಣಿನ ಮಟ್ಟ ಒಂದೇ ಇರುವಂತೆ ಕೂರುತ್ತಾರೆ. "ಅಮ್ಮಾ, ಬಲಗಣ್ಣು ಮುಚ್ಚಿಕೊಳ್ಳಿ. ನನ್ನ ಮೂಗನ್ನೇ ನೋಡ್ತಾ ಇರಿ, ಆ ಕಡೆ ಈ ಕಡೆ ನೋಡಬಾರದು. ಬೆರಳು ಎಷ್ಟು ಕಾಣುತ್ತೆ ಹೇಳಿ." ತಾವೂ ಎದುರಿನ ಕಣ್ಣು ಮುಚ್ಚಿಕೊಂಡು, ಇಬ್ಬರ ನಡುಮಧ್ಯದಲ್ಲಿ ಬೆರಳು ಹಿಡಿಯುತ್ತಾರೆ. ತಮ್ಮ ನೋಟದ ಅಗಲವೇ ಅಳತೆಗೋಲು. ತಮಗೆ ಕಾಣುವ ಬೆರಳು ಎದುರಿನವರಿಗೂ ಕಾಣಬೇಕು. ಆಮೇಲೆ ಯಾವುದೋ ಔಷಧಿ ಬಾಟಲಿಯ ಕೆಂಪು ಮುಚ್ಚಳವನ್ನು ನಡುಗೆರೆಯ ಒಂದು ಬದಿಯಲ್ಲಿ, ಮತ್ತೆ ಇನ್ನೊಂದು ಬದಿಯಲ್ಲಿ ಹಿಡಿದು, ಎರಡೂ ಕಡೆ ಕೆಂಪು ಒಂದೇ ಥರ ಇದೆಯಾ ಎಂದು ಕೇಳುತ್ತಾರೆ. ಕಿವಿಯ ಕಡೆಯ ಕೆಂಪು ಮಾತ್ರ ಕಂದಾಗಿ, ಮಾಸಿದಂತೆ ಕಂಡರೆ, ಅದೂ ಎರಡೂ ಕಣ್ಣಿನಲ್ಲಿ ಹೊರಬದಿಗೇ ಆದರೆ, ವೈದ್ಯರ ಮನಸ್ಸು ನೇರ ಪಿಟ್ಯುಟರಿ ಗ್ರಂಥಿಗೆ ಹೋಗುತ್ತದೆ. ಎರಡು ದೃಷ್ಟಿನರಗಳು ಒಂದನ್ನೊಂದು ದಾಟುವ ಜಾಗ ಆ ಗ್ರಂಥಿಯ ಮೇಲೇ ಇದೆ. ಗ್ರಂಥಿಯಲ್ಲಿ ಗಡ್ಡೆ ಬೆಳೆದು ಮೇಲಕ್ಕೆ ಒತ್ತಿದರೆ ಮೊದಲು ಪೆಟ್ಟು ತಿನ್ನುವುದು ದಾಟುವ ಎಳೆಗಳು, ಹೊರಬದಿಯ ನೋಟವನ್ನು ಹೊತ್ತ ಎಳೆಗಳು.

ಪಿಟ್ಯುಟರಿಯ ಗಡ್ಡೆಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ, ಇದನ್ನು ಒತ್ತಿ ಹೇಳಬೇಕು. ಆದರೆ ತಡವಾದರೆ ಕಣ್ಣು ಹೋಗುತ್ತದೆ. ಇಂಥವರು ಬಂದು "ನನಗೆ ಬದಿ ಕಾಣುವುದಿಲ್ಲ" ಎಂದು ಹೇಳುವುದಿಲ್ಲ. ಮಾಗಡಿ ರಸ್ತೆಯ ಗದ್ದಲದಲ್ಲಿ ಗಾಡಿ ಓಡಿಸುವಾಗ ಪಕ್ಕದ ಗಾಡಿ ತಗುಲಿತು ಎನ್ನುತ್ತಾರೆ, ಬಾಗಿಲ ಚೌಕಟ್ಟಿಗೆ ಭುಜ ಬಡಿಯಿತು ಎನ್ನುತ್ತಾರೆ. ಹೊಲಿಗೆ ಕೆಲಸ ಮಾಡುವವರು ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ ಎನ್ನುತ್ತಾರೆ. ಅದಕ್ಕೊಂದು ಕಾರಣವಿದೆ: ಎರಡೂ ಕಣ್ಣಿನ ಹೊರಬದಿ ಹೋದಾಗ, ಹತ್ತಿರದ ಒಂದು ಬಿಂದುವನ್ನು ದಿಟ್ಟಿಸಿದರೆ ಆ ಬಿಂದುವಿನ ಆಚೆಗಿನ ವಸ್ತು ಮಾಯವಾಗುತ್ತದೆ. ಕೇಳಿದವರಿಗೆ ಇದು ಚಾಳೀಸು ಅನ್ನಿಸುವುದು ಸಹಜ. ಚಾಳೀಸಿನ ಕನ್ನಡಕ ಹಾಕಿದರೂ ದಾರ ಪೋಣಿಸಲು ಆಗದಿದ್ದಾಗ ಯಾರಾದರೂ ಎದುರಿಗೆ ಕೂತು ಕೆಂಪು ಮುಚ್ಚಳ ಹಿಡಿಯಬೇಕು.

ಹತ್ತಿ, ಉಣ್ಣೆ, ರೇಷ್ಮೆ ನೇಯುತ್ತಿದ್ದ ಬಿನ್ನಿ ಮಿಲ್ಲಿನಿಂದ ಹೆಸರು ಪಡೆದ ಬಡಾವಣೆಯಲ್ಲಿ ಎಳೆ ಕಾಣುವ ಕಣ್ಣೇ ಅನ್ನ ಕೊಡುತ್ತಿತ್ತು. 1884ರಲ್ಲಿ ಹುಟ್ಟಿದ ಮಿಲ್ಲು ಈಗಿಲ್ಲ, ಆ ಜಾಗದಲ್ಲಿ ಎತ್ತರದ ಮನೆಗಳು ಎದ್ದಿವೆ. ಆದರೂ ಸುತ್ತಲಿನ ಓಣಿಗಳಲ್ಲಿ ಕಣ್ಣು ನೆಟ್ಟು ಮಾಡುವ ಕೆಲಸಗಳು ನಿಂತಿಲ್ಲ. ಇಂಥ ಕಡೆ ಕನ್ನಡಕದ ಅಂಗಡಿಯಲ್ಲಿ ನಂಬರು ನೋಡುವವರು ಈ ಹುಡುಕಾಟದ ಮೊದಲ ಮೆಟ್ಟಿಲು ಎಂದು ನಾನು ನಂಬುತ್ತೇನೆ. ಒಳ್ಳೆಯ ಆಪ್ಟೋಮೆಟ್ರಿಸ್ಟ್‌ಗೆ ಹೊಸ ಚೀಟಿಯಷ್ಟೇ ಹಳೆಯ ಚೀಟಿಯೂ ಮುಖ್ಯ. ಆರು ತಿಂಗಳಲ್ಲಿ ಒಂದೇ ಕಣ್ಣಿನ ನಂಬರು ಪ್ಲಸ್ ಕಡೆಗೆ ಸರಿದಿದ್ದರೆ ಅವರು ಕೈ ನಿಲ್ಲಿಸುತ್ತಾರೆ. ಪೊರೆ ಬರುವಾಗ ಸಾಮಾನ್ಯವಾಗಿ ನಂಬರು ಮೈನಸ್ ಕಡೆಗೆ ಹೋಗುತ್ತದೆ. ಪ್ಲಸ್ ಕಡೆಗೆ ಹೋಗಿದೆ ಎಂದರೆ ಕಣ್ಣಿನ ಹಿಂದಿನ ಪರದೆ ತನ್ನ ಜಾಗದಿಂದ ಮುಂದಕ್ಕೆ ಬಂದಿರಬಹುದು. ಅದನ್ನು ಮುಂದಕ್ಕೆ ತಳ್ಳಿದ್ದು ನೀರಿರಬಹುದು, ಅಥವಾ ಗಡ್ಡೆಯಿರಬಹುದು. ಕಾಲು ನಂಬರು, ಅರ್ಧ ನಂಬರಿನ ಲೆಕ್ಕದಲ್ಲಿ ಇಷ್ಟು ದೊಡ್ಡ ಸಂಗತಿ ಅಡಗಿರುತ್ತದೆ.

ಈಗ ಪಾಪೆಯೊಳಗೆ ಹೋಗೋಣ.

ಪಾಪೆ ಯಾಕೆ ಕಪ್ಪಾಗಿ ಕಾಣುತ್ತದೆ ಎಂದು ಶತಮಾನಗಳ ಕಾಲ ಜನ ತಲೆಕೆಡಿಸಿಕೊಂಡಿದ್ದರು. ಒಳಗೆ ಹೋದ ಬೆಳಕು ಬಂದ ದಾರಿಯಲ್ಲೇ ವಾಪಸ್ಸು ಬರುತ್ತದೆ, ಎಲ್ಲಿಂದ ಹೊರಟಿತೋ ಅಲ್ಲಿಗೇ. ಅದನ್ನು ನೋಡಬೇಕಾದರೆ ನಮ್ಮ ಕಣ್ಣು ದೀಪ ಇರುವ ಜಾಗದಲ್ಲೇ ಇರಬೇಕು. ಆದರೆ ಅಲ್ಲಿ ತಲೆ ಇಟ್ಟರೆ ದೀಪಕ್ಕೇ ಅಡ್ಡ. 1850ರ ಹೊತ್ತಿಗೆ ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಈ ಗಂಟನ್ನು ಬಿಡಿಸಿದರು. ಓರೆಯಾಗಿ ಹಿಡಿದ ಗಾಜಿನಿಂದ ದೀಪದ ಬೆಳಕನ್ನು ಒಳಗೆ ಕಳಿಸಿ, ಅದೇ ಗಾಜಿನ ಮೂಲಕ ನೋಡಿದರು. ಜೀವಂತ ಮನುಷ್ಯನ ಕಣ್ಣಿನ ಹಿಂಬದಿ ಹಾಗೆ ಬೆಳಗಿ ಕಂಡಿತು. 1851ರಲ್ಲಿ ಅವರು ಅದನ್ನು ಪ್ರಕಟಿಸಿದರು. ಇಂದಿಗೂ ದೇಹವನ್ನು ಕೊಯ್ಯದೆ ರಕ್ತನಾಳವನ್ನೂ ನರವನ್ನೂ ನೇರವಾಗಿ ನೋಡಬಹುದಾದ ಜಾಗ ಇದೊಂದೇ. ಬೆಲ್ಜಿಯಂನ ಚಾರ್ಲ್ಸ್ ಸ್ಕೆಪೆನ್ಸ್ 1940ರ ದಶಕದಲ್ಲಿ ಎರಡೂ ಕಣ್ಣಿನಿಂದ ನೋಡುವ, ತಲೆಗೆ ಕಟ್ಟಿಕೊಳ್ಳುವ ದೀಪದ ಉಪಕರಣ ರೂಪಿಸಿದರು. ಅದರ ಮರಿಮಕ್ಕಳೇ ಇವತ್ತು ಮಿಂಟೊದಲ್ಲಿ, ಎಲ್ಲ ಕಣ್ಣಾಸ್ಪತ್ರೆಗಳಲ್ಲಿ ವೈದ್ಯರ ಹಣೆಯ ಮೇಲಿವೆ.

ಡ್ರಾಪ್ಸ್ ಹಾಕಿ ಅರ್ಧ ಗಂಟೆಯೋ ಸ್ವಲ್ಪ ಹೆಚ್ಚೋ ಕೂರಿಸುತ್ತಾರೆ. ಬೆಂಚಿನ ತುಂಬ ಕಣ್ಣು ಮುಚ್ಚಿ ಕೂತವರು. ಕೆಲಸಕ್ಕೆ ರಜೆ ಹಾಕಿ ಬಂದವರಿಗೆ ಇದು ದಂಡದ ಹೊತ್ತು ಅನ್ನಿಸಬಹುದು. ಆದರೆ ಪಾಪೆ ಅಗಲವಾಗದೆ ನೋಡಿದರೆ ಪರದೆಯ ನಡುಭಾಗ ಮಾತ್ರ ಸಿಗುತ್ತದೆ, ಅಂಚು ಸಿಗುವುದಿಲ್ಲ. ಆಮೇಲೆ ರೋಗಿಯನ್ನು ಮಲಗಿಸಿ, ಹಣೆಯ ದೀಪ ಹೊತ್ತಿಸಿ, ಒಂದು ಕೈಯಲ್ಲಿ 20 ಡಯಾಪ್ಟರ್‌ನ ಮಸೂರ ಹಿಡಿದು ವೈದ್ಯರು ಸುತ್ತ ನಡೆಯುತ್ತಾರೆ. ಮೇಲೆ ನೋಡಿ, ಬಲಕ್ಕೆ ನೋಡಿ, ಕಾಲಿನ ಕಡೆ ನೋಡಿ. ಮಸೂರ ಒಂದಿಷ್ಟು ವಾಲಿದರೆ ಚಿತ್ರ ಮಾಯ. ಬೆರಳ ತುದಿ ರೆಪ್ಪೆ ಹಿಡಿದಿರಬೇಕು, ಕಿರುಬೆರಳು ಕೆನ್ನೆಗೆ ಊರಿರಬೇಕು, ತಲೆ, ಮಸೂರ, ಪಾಪೆ ಒಂದೇ ಗೆರೆಯಲ್ಲಿ ನಿಂತಿರಬೇಕು.

ಕಷ್ಟ ಇಷ್ಟಕ್ಕೇ ಮುಗಿಯುವುದಿಲ್ಲ. ಮಸೂರದಲ್ಲಿ ಕಾಣುವ ಚಿತ್ರ ತಲೆಕೆಳಗು. ಎಡ ಬಲವೂ ಅದಲು ಬದಲು. ಇದಕ್ಕೆ ಹಳೆಯ ಗುರುಗಳು ಕಂಡುಕೊಂಡ ಉಪಾಯ ನನಗೆ ತುಂಬ ಹಿಡಿಸಿತು. ಪರದೆಯ ಚಿತ್ರ ಬರೆಯುವ ಹಾಳೆಯನ್ನು ಮಲಗಿದ ರೋಗಿಯ ಎದೆಯ ಮೇಲೆ ತಲೆಕೆಳಗಾಗಿ ಇಡುತ್ತಾರೆ. ಕಲಿಯುವ ಹುಡುಗ ಹುಡುಗಿಯರು ಮಸೂರದಲ್ಲಿ ಕಂಡದ್ದನ್ನು ಕಂಡ ಹಾಗೇ ಅದರ ಮೇಲೆ ಬರೆಯುತ್ತಾರೆ. ಅಪಧಮನಿಗೆ ಕೆಂಪು, ಅಭಿಧಮನಿಗೆ ನೀಲಿ. ಬರೆದು ಮುಗಿಸಿ ಹಾಳೆ ತಿರುಗಿಸಿದರೆ ಎಲ್ಲವೂ ತನ್ನ ತನ್ನ ನಿಜವಾದ ಜಾಗದಲ್ಲಿ. ಈಗ ಕ್ಯಾಮೆರಾಗಳು ಒಂದೇ ಕ್ಲಿಕ್ಕಿಗೆ ಪರದೆಯ ಫೋಟೊ ಕೊಡುತ್ತವೆ. ಆದರೂ ಬಣ್ಣದ ಪೆನ್ಸಿಲ್ಲಿನಿಂದ ಬರೆದು ಕಲಿತವರ ನೋಟವೇ ಬೇರೆ. ಬರೆಯಬೇಕಾದರೆ ಪ್ರತಿಯೊಂದು ನಾಳವನ್ನೂ ಕೊನೆಯವರೆಗೆ ಹಿಂಬಾಲಿಸಲೇಬೇಕು. ಹಿಂಬಾಲಿಸಿದವರಿಗೆ ಅಂಚಿನಲ್ಲಿರುವುದು ಸಿಗುತ್ತದೆ.

ಅಲ್ಲಿ ಏನೇನು ಸಿಗಬಹುದು?

ಪರದೆಯ ಹಿಂದೆ ರಕ್ತ ತುಂಬಿದ ಒಂದು ಪದರವಿದೆ, ಕೊರಾಯ್ಡ್. ದೇಹದಲ್ಲಿ ತೂಕಕ್ಕೆ ಹೋಲಿಸಿದರೆ ಅತಿ ಹೆಚ್ಚು ರಕ್ತ ಹರಿಯುವ ಜಾಗಗಳಲ್ಲಿ ಇದೂ ಒಂದು. ರಕ್ತದಲ್ಲಿ ತೇಲಿಬರುವ ಕ್ಯಾನ್ಸರ್ ಕೋಶಗಳು ಇಲ್ಲಿ ತಂಗುವುದು ಅದಕ್ಕೇ. ಹಾಗೆ ತಂಗಿ ಬೆಳೆದ ಗಡ್ಡೆ ಕೆನೆಹಳದಿ ಬಣ್ಣದ್ದು, ಮಟ್ಟಸ, ಅಂಚು ಸ್ಪಷ್ಟವಿಲ್ಲದ್ದು. ಅದರ ಮೇಲೆ ನೀರು ಸೇರಿ ಪರದೆ ಎದ್ದಿರುತ್ತದೆ, ಮಳೆಗಾಲದಲ್ಲಿ ಹಳೆ ಮನೆಯ ಗೋಡೆಯ ಸುಣ್ಣ ಒಳಗಿನ ತೇವಕ್ಕೆ ಉಬ್ಬಿ ನಿಂತ ಹಾಗೆ. ರೋಗಿಗೆ ಬಾಗಿಲ ಗೆರೆ ಸೊಟ್ಟ ಕಾಣುತ್ತದೆ, ನಡುವೆ ನೆರಳು, ಕೆಲವೊಮ್ಮೆ ಮಿಂಚು. ನೋವಿರುವುದಿಲ್ಲ. ಇವು ಹೆಚ್ಚಾಗಿ ಬರುವುದು ಸ್ತನದಿಂದ, ಶ್ವಾಸಕೋಶದಿಂದ. ಬಹಳಷ್ಟು ರೋಗಿಗಳಿಗೆ ತಮಗೆ ಕ್ಯಾನ್ಸರ್ ಇರುವುದು ಆಗಲೇ ಗೊತ್ತಿರುತ್ತದೆ. ಆದರೆ ಎಲ್ಲರಿಗೂ ಅಲ್ಲ. ಅಮೆರಿಕದ ಫಿಲಡೆಲ್ಫಿಯಾದ ಕರೊಲ್ ಶೀಲ್ಡ್ಸ್ ಮತ್ತು ಸಂಗಡಿಗರು 1997ರಲ್ಲಿ ಇಂಥ 420 ರೋಗಿಗಳ 520 ಕಣ್ಣುಗಳ ವಿವರ ಪ್ರಕಟಿಸಿದರು. ಅವರಲ್ಲಿ ಸುಮಾರು ಮೂರನೇ ಒಂದು ಪಾಲು ಜನರಿಗೆ ಕಣ್ಣಿನಲ್ಲಿ ಗಡ್ಡೆ ಸಿಗುವವರೆಗೆ ದೇಹದಲ್ಲಿ ಕ್ಯಾನ್ಸರ್ ಇದೆ ಎಂಬ ಸುಳಿವೇ ಇರಲಿಲ್ಲ. ಹಾಗೆ ಗೊತ್ತಿಲ್ಲದೆ ಬಂದವರಲ್ಲಿ ಮೂಲ ಪತ್ತೆಯಾದಾಗ ಹೆಚ್ಚಾಗಿ ಅದು ಶ್ವಾಸಕೋಶವಾಗಿತ್ತು.

ಈ ಹಂತದಲ್ಲಿ ಕಸುಬು ಮಸೂರದಿಂದ ಮಾತಿಗೆ ಬರುತ್ತದೆ. ಕಣ್ಣಿನ ವೈದ್ಯರು ಕೆಮ್ಮು ಇದೆಯಾ, ತೂಕ ಇಳಿದಿದೆಯಾ, ಬೀಡಿ ಸಿಗರೇಟು ಎಷ್ಟು ವರ್ಷ ಎಂದು ಕೇಳಬೇಕು. ಹೆಣ್ಣುಮಕ್ಕಳನ್ನು ಎದೆಯಲ್ಲಿ ಗಂಟೇನಾದರೂ ಇದೆಯಾ ತಾಯಿ ಎಂದು ಕೇಳಬೇಕು. ಕಣ್ಣು ತೋರಿಸಲು ಬಂದವರಿಗೆ ಈ ಪ್ರಶ್ನೆ ಎಲ್ಲಿಂದ ಬಂತು ಅನ್ನಿಸುತ್ತದೆ. ಗಂಟು ಇರುವುದು ಗೊತ್ತಿದ್ದೂ ಗಂಡನಿಗಾಗಲಿ ಮಗಳಿಗಾಗಲಿ ಹೇಳದೆ ಸೆರಗಿನಡಿ ಬಚ್ಚಿಟ್ಟುಕೊಂಡ ಹೆಂಗಸರು ನಮ್ಮಲ್ಲಿ ಕಡಿಮೆಯಿಲ್ಲ. ಜೊತೆಗೆ ಬಂದವರನ್ನು ಒಂದು ಗಳಿಗೆ ಹೊರಗೆ ಕಳಿಸಿ, ನರ್ಸಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ದನಿ ತಗ್ಗಿಸಿ ಕೇಳುವುದಕ್ಕೆ ಯಾವ ಯಂತ್ರವೂ ಇಲ್ಲ. ಪಾಪೆಯೊಳಗೆ ನೋಡುವ ಕೌಶಲಕ್ಕಿಂತ ಇದು ಕಡಿಮೆಯದೆಂದು ನನಗೆ ಅನ್ನಿಸುವುದಿಲ್ಲ.

ರಕ್ತದ ಕ್ಯಾನ್ಸರಿನ ಗುರುತು ಬೇರೆ ಥರ. ಪರದೆಯ ಮೇಲೆ ಅಲ್ಲಲ್ಲಿ ರಕ್ತ ಚೆಲ್ಲಿರುತ್ತದೆ, ಕೆಲವು ಕಲೆಗಳ ನಡುವೆ ಬಿಳಿ ಚುಕ್ಕೆ. ನಾಳಗಳು ಊದಿ ಅಂಕುಡೊಂಕಾಗಿರುತ್ತವೆ. ನಮ್ಮ ಊರಿನಲ್ಲಿ ಪರದೆಯ ಮೇಲೆ ರಕ್ತ ಕಂಡರೆ ಮೊದಲ ಊಹೆ ಸಕ್ಕರೆ ಕಾಯಿಲೆ, ಎರಡನೆಯದು ಬಿ.ಪಿ. ಇಲ್ಲಿ ಕೆಲಸ ಮಾಡುವುದು ತಾಳೆ ನೋಡುವ ಬುದ್ಧಿ. ಸಕ್ಕರೆ ಶುರುವಾಗಿ ಹೆಚ್ಚು ಕಾಲವಾಗಿಲ್ಲ, ಹತೋಟಿಯಲ್ಲೂ ಇದೆ, ಆದರೂ ಪರದೆಯಲ್ಲಿ ಇಷ್ಟು ರಕ್ತ ಯಾಕೆ? ಕಣ್ಣಿನ ರೆಪ್ಪೆಯ ಒಳಗೆ ಬಿಳಿಚಿಕೊಂಡಿದೆಯಲ್ಲ, ಒಸಡಿನಲ್ಲಿ ರಕ್ತ ಬರುತ್ತಿದೆಯಾ, ಜ್ವರ ಬಂದು ಹೋಗುತ್ತಿದೆಯಾ? ನಡುವೆ ಬಿಳಿಯಿರುವ ಕಲೆ ಕ್ಯಾನ್ಸರಿನದೇ ಎಂದೇನಿಲ್ಲ. ಹೃದಯದ ಕವಾಟದ ಸೋಂಕಿನಲ್ಲೂ ತೀವ್ರ ರಕ್ತಹೀನತೆಯಲ್ಲೂ ಅದು ಬರುತ್ತದೆ. ಆದರೆ ಈ ಮೂರರಲ್ಲಿ ಯಾವುದನ್ನೂ ನಾಳೆಗೆ ಬಿಡುವಂತಿಲ್ಲ. ಬರೆಯಬೇಕಾದ್ದು ಸಾಧಾರಣ ರಕ್ತ ಪರೀಕ್ಷೆಯ ಒಂದು ಚೀಟಿ: ರಕ್ತಕಣಗಳ ಎಣಿಕೆ, ಗಾಜಿನ ಮೇಲೆ ಸವರಿದ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಅದೇ ದಿನ.

ದೃಷ್ಟಿನರದ ತಲೆಯನ್ನು ನೋಡುವಾಗ ವೈದ್ಯರು ಅದರ ಅಂಚನ್ನು ನೋಡುತ್ತಾರೆ. ತಿಳಿ ಗುಲಾಬಿ ಬಣ್ಣದ ಆ ದುಂಡನೆಯ ತಟ್ಟೆ ಒಂದೂವರೆ ಮಿಲಿಮೀಟರಿನಷ್ಟೇ ಅಗಲ. ಮಿದುಳಿನಲ್ಲಿ ಗಡ್ಡೆ ಬೆಳೆದು ತಲೆಬುರುಡೆಯೊಳಗಿನ ಒತ್ತಡ ಏರಿದರೆ ಎರಡೂ ಕಣ್ಣಿನಲ್ಲಿ ಈ ಅಂಚು ಅಳಿಸಿದಂತಾಗಿ ತಟ್ಟೆ ಉಬ್ಬುತ್ತದೆ. ವಿಚಿತ್ರವೆಂದರೆ ಆಗ ಫಲಕದ ಕೊನೆಯ ಸಾಲನ್ನೂ ರೋಗಿ ಓದಬಲ್ಲರು. ಬೆಳಗ್ಗೆ ಏಳುವಾಗ ತಲೆನೋವು, ವಾಂತಿ, ಬಗ್ಗಿ ಎದ್ದಾಗ ನಾಲ್ಕಾರು ಸೆಕೆಂಡು ಕಣ್ಣು ಕತ್ತಲೆ, ಇಷ್ಟೇ. ನುರಿತವರು ಇಲ್ಲಿ ಇನ್ನೊಂದು ಸೂಕ್ಷ್ಮ ನೋಡುತ್ತಾರೆ. ತಟ್ಟೆಯ ನಡುವೆ ಅಭಿಧಮನಿ ನಾಡಿಯ ಜೊತೆ ಮೆಲ್ಲಗೆ ಮಿಡಿಯುವುದು ಬಹುಪಾಲು ಆರೋಗ್ಯವಂತರಲ್ಲಿ ಕಾಣುತ್ತದೆ. ಆ ಮಿಡಿತ ಕಂಡರೆ ಒಳಗಿನ ಒತ್ತಡ ಆ ಹೊತ್ತಿಗೆ ಸರಿಯಾಗಿಯೇ ಇರಬೇಕು. ಕೂದಲೆಳೆಯಷ್ಟು ಸಣ್ಣ ನಾಳದ ಮಿಡಿತವನ್ನು ಉಸಿರು ಹಿಡಿದು ಕಾದು ನೋಡುವವರನ್ನು ಕಂಡರೆ ಕೈಮುಗಿಯಬೇಕು ಅನ್ನಿಸುತ್ತದೆ.

ಇನ್ನು ಅತ್ಯಂತ ಕಠಿಣವಾದದ್ದು. ರೋಗಿ ಹೇಳುತ್ತಾರೆ: ಕೆಲವು ವಾರಗಳಿಂದ ಸಂಜೆಯಾದರೆ ಏನೂ ಕಾಣುವುದಿಲ್ಲ, ಹಗಲಿನ ಬೆಳಕು ಕಣ್ಣು ಕುಕ್ಕುತ್ತದೆ, ಕಣ್ಣೆದುರು ಏನೋ ಮಿಣುಮಿಣು ಎನ್ನುತ್ತದೆ, ಸುತ್ತ ಬಳೆಯ ಆಕಾರದಲ್ಲಿ ಕತ್ತಲೆ. ವೈದ್ಯರು ನೋಡಿದರೆ ಪಾಪೆ ಸರಿ, ಪೊರೆ ಇಲ್ಲ, ಪರದೆ ಬಹುಮಟ್ಟಿಗೆ ನೆಟ್ಟಗಿದೆ. ಎಲ್ಲ ಸರಿ ಇದೆ, ಟೆನ್ಶನ್ ಮಾಡ್ಕೋಬೇಡಿ ಎಂದು ಕಳಿಸಿಬಿಡುವುದು ಎಷ್ಟು ಸುಲಭ! 1976ರಲ್ಲಿ ಅಮೆರಿಕದ ವೈದ್ಯರು ಇಂಥ ಕೆಲವು ರೋಗಿಗಳನ್ನು ವರ್ಣಿಸಿದರು. ಅವರಿಗಿದ್ದದ್ದು ಕ್ಯಾನ್ಸರ್, ಆದರೆ ಕಣ್ಣಿನಲ್ಲಲ್ಲ. ಗಡ್ಡೆ ಎಲ್ಲೋ ದೂರದಲ್ಲಿತ್ತು, ಕಣ್ಣಿಗೆ ಅದರ ಒಂದು ಕೋಶವೂ ಬಂದಿರಲಿಲ್ಲ. ಆದರೂ ಪರದೆಯ ಬೆಳಕು ಹಿಡಿಯುವ ಕೋಶಗಳು ಸಾಯುತ್ತಿದ್ದವು.

ಕಾರಣ ಆಮೇಲೆ ತಿಳಿಯಿತು. ರಿಕವರಿನ್ ಎಂಬ ಪ್ರೋಟೀನು ಸಹಜವಾಗಿ ಇರುವುದು ಪರದೆಯ ಕೋಶಗಳಲ್ಲಿ. ಕೆಲವು ಗಡ್ಡೆಗಳು, ಮುಖ್ಯವಾಗಿ ಶ್ವಾಸಕೋಶದ ಒಂದು ಬಗೆಯ ಕ್ಯಾನ್ಸರ್, ಅದೇ ಪ್ರೋಟೀನನ್ನು ತಯಾರಿಸತೊಡಗುತ್ತವೆ. ದೇಹದ ರಕ್ಷಣಾ ವ್ಯವಸ್ಥೆ ಇದು ಇಲ್ಲಿ ಇರಬಾರದ್ದು ಎಂದು ಗುರುತಿಸಿ ಅದರ ವಿರುದ್ಧ ಪ್ರತಿಕಾಯಗಳನ್ನು ಮಾಡುತ್ತದೆ. ಆ ಪ್ರತಿಕಾಯಗಳು ರಕ್ತದಲ್ಲಿ ಸುತ್ತಿ ಕಣ್ಣಿಗೂ ಬರುತ್ತವೆ, ಅಲ್ಲಿಯ ನಿರಪರಾಧಿ ಕೋಶಗಳನ್ನೂ ಹೊಡೆಯುತ್ತವೆ. ದೇಹ ಕ್ಯಾನ್ಸರನ್ನು ನಮಗಿಂತ ಮುಂಚೆ ಕಂಡುಹಿಡಿದಿದೆ, ಅದಕ್ಕೆ ಕಣ್ಣು ಬೆಲೆ ತೆರುತ್ತಿದೆ. ಅನೇಕ ಸಲ ದೃಷ್ಟಿ ಇಳಿದು ತಿಂಗಳುಗಳಾದ ಮೇಲೆ ಗಡ್ಡೆ ಪತ್ತೆಯಾಗುತ್ತದೆ. ಇದು ಅಪರೂಪದ ಕಾಯಿಲೆ, ಆದರೆ ಇದನ್ನು ತಿಳಿದ ವೈದ್ಯರು ಪರದೆ ನೆಟ್ಟಗಿದೆ ಎಂಬ ಕಾರಣಕ್ಕೆ ರೋಗಿಯ ಮಾತನ್ನು ಬದಿಗೆ ಸರಿಸುವುದಿಲ್ಲ. ರೋಗಿಯನ್ನು ಕತ್ತಲಲ್ಲಿ ಕೂರಿಸಿ, ಕಣ್ಣಿಗೆ ತೆಳ್ಳನೆಯ ಎಲೆಕ್ಟ್ರೋಡು ತಾಗಿಸಿ, ಬೆಳಕು ಮಿಂಚಿಸಿ, ಪರದೆಯಿಂದ ಹೊರಡುವ ವಿದ್ಯುತ್ತನ್ನು ಅಳೆಯುತ್ತಾರೆ. ನೋಟಕ್ಕೆ ಸರಿಯಿದ್ದ ಪರದೆಯ ಗೆರೆ ಅಲ್ಲಿ ಸಪಾಟಾಗಿ ಬಂದರೆ ರಕ್ತದಲ್ಲಿ ಪ್ರತಿಕಾಯ ಹುಡುಕಿಸಿ, ಎದೆಯ ಸ್ಕ್ಯಾನಿಗೆ ಬರೆಯುತ್ತಾರೆ. ಈ ಹುಡುಕಾಟದ ಮೊದಲ ಸಾಧನ ರೋಗಿಯನ್ನು ನಂಬುವುದು.

ಮಕ್ಕಳ ವಿಷಯ ಬೇರೆಯೇ. ಅವರಿಗೆ ಕ್ಯಾನ್ಸರ್ ಕಣ್ಣಿನೊಳಗೇ ಹುಟ್ಟುತ್ತದೆ, ರೆಟಿನೋಬ್ಲಾಸ್ಟೋಮಾ. ಹುಟ್ಟುವ ಹದಿನೈದು ಇಪ್ಪತ್ತು ಸಾವಿರ ಮಕ್ಕಳಲ್ಲಿ ಒಂದಕ್ಕೆ ಬರುವ ಕಾಯಿಲೆ, ಹೆಚ್ಚಾಗಿ ಐದು ವರ್ಷದೊಳಗೆ. ಒಂದು ವರ್ಷದ ಮಗು ತನಗೆ ಕಾಣುವುದಿಲ್ಲ ಎಂದು ಹೇಳದು. ಕಂಡುಹಿಡಿಯುವವರು ತಾಯಿ, ಅಜ್ಜಿ. ಸಂಜೆಯ ಮಬ್ಬಿನಲ್ಲಿ, ಒಂದು ಕೋನದಲ್ಲಿ, ಮಗುವಿನ ಪಾಪೆಯೊಳಗೆ ಬೆಳ್ಳಗೆ ಹೊಳೆಯಿತು ಎನ್ನುತ್ತಾರೆ, ಬೆಕ್ಕಿನ ಕಣ್ಣಿನ ಥರ ಎನ್ನುತ್ತಾರೆ. ಫ್ಲ್ಯಾಶ್ ಹಾಕಿ ತೆಗೆದ ಫೋಟೊದಲ್ಲಿ ಒಂದು ಕಣ್ಣು ಕೆಂಪು, ಒಂದು ಬಿಳಿ. ಮಗು ಓರೆ ನೋಡಿದಾಗ ಆರೋಗ್ಯದ ಕಣ್ಣೂ ಫೋಟೊದಲ್ಲಿ ಬಿಳಿ ಹೊಳೆಯಬಹುದು, ಹಾಗೆಂದು ಊಹಿಸಿ ಬಿಟ್ಟುಬಿಡಬಾರದು. ಎರಡನೆಯ ಗುರುತು ಮಾಲುಗಣ್ಣು. ಮಾಲುಗಣ್ಣು ಅದೃಷ್ಟ ಎಂದು ಎಷ್ಟು ಮನೆಗಳಲ್ಲಿ ಇನ್ನೂ ಹೇಳುತ್ತಾರೆ! ಮಾಲುಗಣ್ಣಿರುವ ಮಕ್ಕಳಲ್ಲಿ ಬಹುಪಾಲು ಮಂದಿಗೆ ಗಡ್ಡೆ ಇರುವುದಿಲ್ಲ. ಆದರೂ ಪ್ರತಿಯೊಂದು ಮಾಲುಗಣ್ಣಿನ ಮಗುವಿನ ಪಾಪೆಗೆ ಡ್ರಾಪ್ಸ್ ಹಾಕಿ ಒಳಗೆ ನೋಡಲೇಬೇಕು, ಇದರಲ್ಲಿ ರಿಯಾಯಿತಿ ಇಲ್ಲ.

ಮಕ್ಕಳ ವೈದ್ಯರು, ಲಸಿಕೆ ಹಾಕುವ ಕೇಂದ್ರದವರು ಮಾಡಬಹುದಾದ ಪರೀಕ್ಷೆ ಒಂದು ನಿಮಿಷದ್ದು. ಮಬ್ಬುಗತ್ತಲ ಕೋಣೆಯಲ್ಲಿ, ತಾಯಿಯ ತೊಡೆಯ ಮೇಲಿನ ಮಗುವಿನ ಎರಡೂ ಕಣ್ಣಿಗೆ ತೋಳಳತೆಯ ದೂರದಿಂದ ಆಫ್ತಾಲ್ಮೋಸ್ಕೋಪಿನ ಬೆಳಕು ಒಟ್ಟಿಗೆ ಬೀಳಿಸಿ, ಎರಡೂ ಪಾಪೆಯಿಂದ ಬರುವ ಕೆಂಪು ಒಂದೇ ಸಮನಾಗಿದೆಯಾ ಎಂದು ನೋಡುವುದು. ಒಂದರಲ್ಲಿ ಮಂಕು, ಒಂದರಲ್ಲಿ ಬಿಳಿ, ಒಂದರಲ್ಲಿ ಏನೂ ಇಲ್ಲ ಎಂದಾದರೆ ಮಗುವನ್ನು ಕಣ್ಣಿನ ವೈದ್ಯರಲ್ಲಿಗೆ ಆ ವಾರವೇ ಕಳಿಸಬೇಕು.

ಮುಂದಿನದು ಈ ಕಸುಬಿನ ಅತಿ ದೊಡ್ಡ ಪರೀಕ್ಷೆ. ಬೇರೆ ಕ್ಯಾನ್ಸರ್‌ಗಳಲ್ಲಿ ಚೂರು ತೆಗೆದು ಪ್ರಯೋಗಾಲಯಕ್ಕೆ ಕಳಿಸಿ, ವರದಿ ಬಂದ ಮೇಲೆ ಚಿಕಿತ್ಸೆ. ಇಲ್ಲಿ ಸೂಜಿ ಚುಚ್ಚಿದರೆ ಗಡ್ಡೆಯ ಕೋಶಗಳು ಕಣ್ಣಿನಿಂದ ಆಚೆಗೆ ಹರಡಬಹುದು. ಆದ್ದರಿಂದ ಚುಚ್ಚುವುದಿಲ್ಲ. ಮಗುವಿಗೆ ಅರಿವಳಿಕೆ ಕೊಟ್ಟು, ಸಣ್ಣ ಲೋಹದ ಕಡ್ಡಿಯಿಂದ ಕಣ್ಣುಗುಡ್ಡೆಯ ಹೊರಗೋಡೆಯನ್ನು ಮೆದುವಾಗಿ ಒಳಗೊತ್ತಿ, ಪರದೆಯ ಕಟ್ಟಕಡೆಯ ಅಂಚಿನವರೆಗೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತಿ ನೋಡುತ್ತಾರೆ. ಸುಣ್ಣದ ಕಣಗಳಿರುವ ಬಿಳಿ ಗಡ್ಡೆ, ಅದಕ್ಕೆ ಹೋಗುವ ದಪ್ಪನೆಯ ನಾಳ, ಸುತ್ತ ಉದುರಿದ ಬೀಜಗಳು, ಇವನ್ನು ಕಣ್ಣಾರೆ ಕಂಡು, ಅಲ್ಟ್ರಾಸೌಂಡ್ ಮತ್ತು ಎಂ.ಆರ್.ಐ. ಜೊತೆ ತಾಳೆ ಹಾಕಿ, ಆ ನೋಟದ ಬಲದಿಂದಲೇ ಕೀಮೋಥೆರಪಿಯೋ ಲೇಸರೋ, ಕಣ್ಣನ್ನೇ ತೆಗೆಯಬೇಕೋ ಎಂದು ತೀರ್ಮಾನ ಮಾಡುತ್ತಾರೆ. ಬೇಗ ಬಂದ ಮಗುವಿನ ಜೀವ ಉಳಿಯುತ್ತದೆ, ಅನೇಕ ಸಲ ಕಣ್ಣೂ ಉಳಿಯುತ್ತದೆ. ತಡವಾದರೆ ಗಡ್ಡೆ ದೃಷ್ಟಿನರ ಹಿಡಿದು ಮಿದುಳಿನ ದಾರಿಗೆ ಬೀಳುತ್ತದೆ.

ಚಿಕಿತ್ಸೆ ಮುಗಿದ ಮೇಲೆ ಕೆಲಸ ಇಡೀ ಕುಟುಂಬಕ್ಕೆ ಹರಡುತ್ತದೆ. ಆಲ್‌ಫ್ರೆಡ್ ನಡ್ಸನ್ 1971ರಲ್ಲಿ ಈ ಕಾಯಿಲೆಯನ್ನೇ ಹಿಡಿದು ಒಂದು ವಿಚಾರ ಮುಂದಿಟ್ಟರು: ಒಂದು ಕೋಶ ಗಡ್ಡೆಯಾಗಬೇಕಾದರೆ ಎರಡು ಪೆಟ್ಟು ಬೀಳಬೇಕು, ಕೆಲವು ಮಕ್ಕಳು ಮೊದಲ ಪೆಟ್ಟನ್ನು ಹುಟ್ಟುವಾಗಲೇ ಹೊತ್ತು ಬರುತ್ತಾರೆ. ಆ ಪೆಟ್ಟು ಬೀಳುವ ಜೀನಿಗೆ ಈಗ ಆರ್‌ಬಿ1 ಎಂದು ಹೆಸರು, 13ನೇ ವರ್ಣತಂತುವಿನಲ್ಲಿದೆ. ಎರಡೂ ಕಣ್ಣಿಗೆ ಕಾಯಿಲೆ ಬಂದವರು ದೊಡ್ಡವರಾಗಿ ಮಕ್ಕಳನ್ನು ಹಡೆದರೆ ಪ್ರತಿ ಮಗುವಿಗೂ ಆ ದೋಷ ಹೋಗುವ ಸಾಧ್ಯತೆ ಅರ್ಧಕ್ಕರ್ಧ. ಹಾಗಾಗಿ ಇಂಥ ಮನೆಯಲ್ಲಿ ಮಗು ಹುಟ್ಟಿದರೆ ಮೊದಲ ದಿನಗಳಲ್ಲೇ ಕಣ್ಣು ನೋಡುತ್ತಾರೆ, ಕೆಲವು ವಾರಕ್ಕೊಮ್ಮೆ ಮತ್ತೆ ಮತ್ತೆ, ವರ್ಷಗಳವರೆಗೆ. ಚಿಕಿತ್ಸೆ ಪಡೆದ ಮಗುವಿನ ಒಡಹುಟ್ಟಿದವರನ್ನೂ ಹೀಗೇ ಕರೆಸುತ್ತಾರೆ. ಮೊದಲ ಮಗುವಿನ ಜೀನಿನಲ್ಲಿ ದೋಷ ಯಾವುದೆಂದು ಗುರುತಾಗಿದ್ದು, ಹೊಸ ಮಗುವಿನ ರಕ್ತದಲ್ಲಿ ಅದು ಇಲ್ಲವೆಂದು ಪರೀಕ್ಷೆ ಹೇಳಿದರೆ, ಆ ಕೂಸಿಗೆ ಪದೇಪದೇ ಅರಿವಳಿಕೆ ಕೊಡುವ ಅಗತ್ಯ ಬೀಳುವುದಿಲ್ಲ. ತಾಯಿ ಮಗುವನ್ನು ಮನೆಗೆ ಕರೆದುಕೊಂಡು ಹೋಗಬಹುದು, ಇನ್ನು ಲಸಿಕೆಯ ದಿನಗಳಿಗೆ ಬಂದರೆ ಸಾಕು.